ಮನೆಯೂ ಒಂದು ಕೆರೆಯೇ



ಕಿರುತೆರೆಯ ಮಾತುಕತೆಗೆ ಅರ್ಧ ಗಂಟೆಯ ಚೌಕಟ್ಟು ಇರುತ್ತದೆ. ಚಿತ್ರ ಓಡುತ್ತಿರುವಾಗ ಲೆಕ್ಕ ಹೇಳಲು ಹೊರಟರೆ ನೋಡುವವರು ಎದ್ದು ಹೋಗುತ್ತಾರೆಂಬ ಭಯ ನಮ್ಮಂಥ ನಿರ್ಮಾಪಕರಿಗೆ ಸದಾ ಇದ್ದದ್ದೇ. ಆದರೆ ನೀರಿನ ವಿಷಯದಲ್ಲಿ ಲೆಕ್ಕ ಬಿಟ್ಟರೆ ಉಳಿಯುವುದು ಉಪದೇಶ ಮಾತ್ರ. ಆದ್ದರಿಂದ ತೆರೆಯ ಮೇಲೆ ಹೇಳಲಾಗದ ಲೆಕ್ಕವನ್ನೂ ಅದರ ಹಿಂದಿರುವ ಇತಿಹಾಸವನ್ನೂ ಈ ಪುಟಗಳಲ್ಲಿ ಬರೆಯುತ್ತಿದ್ದೇನೆ.

ಕೈಲಾಂಚ ರಾಮನಗರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ರಾಗಿ ಹೊಲ, ಹಿಪ್ಪುನೇರಳೆ ತೋಟ, ಮಾವು, ತೆಂಗು, ದಿಗಂತದಲ್ಲಿ ಬೋಳು ಬಂಡೆಯ ಬೆಟ್ಟಗಳು: ಇಷ್ಟು ಹೇಳಿದರೆ ಈ ಸೀಮೆಯ ಚಿತ್ರ ಕಣ್ಣಿಗೆ ಕಟ್ಟುತ್ತದೆ. 2007ರ ಆಗಸ್ಟ್ ತಿಂಗಳಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಹೊಸ ಜಿಲ್ಲೆಯಾದವು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಇದೇ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂದು ಹೆಸರಿಡಲು ಒಪ್ಪಿಗೆ ಕೊಟ್ಟಿತು. ಮಹಾನಗರದ ಹೆಸರು ಬಂದ ಮೇಲೆ ಅದರ ಬೆನ್ನಿಗೇ ಸೈಟು, ಬಡಾವಣೆ, ಹೊಸ ಮನೆಗಳು ಬರುವುದು ಸಹಜ. ಹಾಗಾದರೆ ಆ ಮನೆಗಳ ನಲ್ಲಿಗೆ ನೀರು ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ಬೆಂಗಳೂರು ಇದೇ ಪ್ರಶ್ನೆಗೆ ಕಂಡುಕೊಂಡ ಉತ್ತರಗಳನ್ನು ಒಮ್ಮೆ ನೋಡೋಣ.

ಬಾಯಾರಿಕೆ ನಡೆದ ದಾರಿ

1537ರಲ್ಲಿ ಬೆಂಗಳೂರು ಪೇಟೆಗೆ ತಳಪಾಯ ಹಾಕಿದ ಕೆಂಪೇಗೌಡರ ವಂಶಕ್ಕೂ ಮಾಗಡಿಗೂ ಇರುವ ನಂಟು ನಿಮಗೆ ಗೊತ್ತೇ ಇದೆ. ಪೇಟೆ ಕಟ್ಟಿದವರು ಅದರ ಮಗ್ಗುಲಲ್ಲೇ ಕೆರೆಗಳನ್ನೂ ಕಟ್ಟಿಸಿದರೆಂಬುದು ಪ್ರತೀತಿ. ಧರ್ಮಾಂಬುಧಿ, ಕೆಂಪಾಂಬುಧಿ ಅಂಥವು. ಅಂದರೆ ನಗರದ ನೀರು ಕೊಡ ಹೊತ್ತು ನಡೆಯುವಷ್ಟು ದೂರದಲ್ಲಿತ್ತು. ಆ ಧರ್ಮಾಂಬುಧಿಯ ಅಂಗಳವೇ ಇಂದು ನೀವು ಬಸ್ಸಿಗೆ ಕಾಯುವ ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಕೆರೆಗಳು ಸಾಲದೆ ಬಂದವು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿ ನದಿಗೆ ಹೆಸರಘಟ್ಟದಲ್ಲಿ ಜಲಾಶಯ ನಿರ್ಮಿಸಿ, ಸುಮಾರು 20 ಕಿಲೋಮೀಟರ್ ದೂರದಿಂದ ನಗರಕ್ಕೆ ನೀರು ತರುವ ಯೋಜನೆ ಹಾಕಲಾಯಿತು. ಸೋಲದೇವನಹಳ್ಳಿಯಲ್ಲಿ ಪಂಪುಗಳು ನೀರನ್ನು ಮೇಲೆತ್ತುತ್ತಿದ್ದವು. 1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಒಣಗಿತು. ಆಗ ಅದೇ ನದಿಯಲ್ಲಿ ಇನ್ನಷ್ಟು ಕೆಳಕ್ಕೆ ಬಂದು, ಅರ್ಕಾವತಿ–ಕುಮುದ್ವತಿಗಳು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರ ಕಟ್ಟಿದರು. ದೂರ ಸುಮಾರು 30 ಕಿಲೋಮೀಟರ್.

ಅದೂ ಸಾಲಲಿಲ್ಲ. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ನಗರಕ್ಕೆ ಬಂತು. 2024ರ ಅಕ್ಟೋಬರ್‌ನಲ್ಲಿ ಐದನೆಯ ಹಂತ ಉದ್ಘಾಟನೆಗೊಂಡಿತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡ ನೀರು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲೆತ್ತಿಸಿಕೊಂಡು ಸುಮಾರು 100 ಕಿಲೋಮೀಟರ್ ಪ್ರಯಾಣ ಮಾಡಿ ನಗರ ಸೇರುತ್ತದೆ.

ಪೇಟೆಯ ಮಗ್ಗುಲು, 20, 30, 100 ಕಿಲೋಮೀಟರ್. ನಗರ ಬೆಳೆದಂತೆಲ್ಲ ನೀರು ದೂರ ಸರಿಯಿತು. ಹತ್ತಿರದ ಕೆರೆಯನ್ನು ಬಳಸುವ ಕಷ್ಟಕ್ಕಿಂತ ದೂರದ ಕೊಳವೆಯ ಸುಖ ಪ್ರತಿಸಲವೂ ಗೆದ್ದಿತು.

ಈ ಸುಖಕ್ಕೆ ಬೆಲೆ ಎಷ್ಟು? ಭೌತಶಾಸ್ತ್ರದ ಪಾಠ ನೆನಪಿಸಿಕೊಳ್ಳಿ. ಕಾವೇರಿ ನೀರು ಏರಬೇಕಾದ ಎತ್ತರ ಸುಮಾರು 500 ಮೀಟರ್. ಒಂದು ಸಾವಿರ ಲೀಟರ್, ಅಂದರೆ 1,000 ಕಿಲೋಗ್ರಾಂ ನೀರನ್ನು ಅಷ್ಟು ಎತ್ತರಕ್ಕೆ ಎತ್ತಲು 1,000 × 9.8 × 500, ಅಂದರೆ 49 ಲಕ್ಷ ಜೌಲ್ ಶಕ್ತಿ ಬೇಕು. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೌಲ್. ಭಾಗಿಸಿದರೆ ಸುಮಾರು 1.36 ಯೂನಿಟ್. ಪಂಪಿನಲ್ಲೂ ಕೊಳವೆಯಲ್ಲೂ ಆಗುವ ನಷ್ಟವನ್ನು ಇದರಲ್ಲಿ ಸೇರಿಸಿಲ್ಲ. ನಗರದ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಮಾನದಂಡ. ನಾಲ್ವರ ಕುಟುಂಬಕ್ಕೆ ದಿನಕ್ಕೆ 540 ಲೀಟರ್, ತಿಂಗಳಿಗೆ 16 ಸಾವಿರ ಲೀಟರ್ ದಾಟುತ್ತದೆ. ಹಾಗಾದರೆ ಕಾವೇರಿ ನೀರು ಬಳಸುವ ಪ್ರತಿ ಮನೆಯೂ ತನ್ನ ಮೀಟರಿನಲ್ಲಿ ಕಾಣದ ಕನಿಷ್ಠ 22 ಯೂನಿಟ್ ವಿದ್ಯುತ್ತನ್ನು ನೀರಿನ ರೂಪದಲ್ಲಿ ತಿಂಗಳು ತಿಂಗಳೂ ಖರ್ಚು ಮಾಡುತ್ತಿದೆ.

ಈ ಕಥೆಯಲ್ಲಿ ರಾಮನಗರ ಸೀಮೆಯ ಪಾತ್ರ ವಿಚಿತ್ರವಾದದ್ದು. ಮಾಗಡಿಯ ಕಡೆ ಅದರ ನದಿಯ ನೀರು ನಗರಕ್ಕೆ ಹೋಯಿತು. ಹಾರೋಹಳ್ಳಿಯ ಕಡೆ ಬೇರೆ ನದಿಯ ನೀರು ಅದರ ನೆಲದ ಮೇಲೆಯೇ ಹಾದು ನಗರಕ್ಕೆ ಹೋಗುತ್ತಿದೆ. ನಗರ ತಿರುಗಿ ಕಳುಹಿಸಿದ್ದೇನು? ವೃಷಭಾವತಿಯ ಮೂಲಕ ಕೊಳಚೆ. ಬಿಡದಿ ಸಮೀಪದ ಬೈರಮಂಗಲ ಕೆರೆಯಲ್ಲಿ ಎದ್ದ ನೊರೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ವೃಷಭಾವತಿ ಮುಂದೆ ಸೇರುವುದೂ ಅರ್ಕಾವತಿಯನ್ನೇ.

ನದಿ ಬತ್ತಿದ್ದು ಹೇಗೆ?

ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರ, ನೆಲಮಂಗಲ, ಮಾಗಡಿ, ರಾಮನಗರ, ಕನಕಪುರಗಳ ಮೂಲಕ ಸಂಗಮದಲ್ಲಿ ಕಾವೇರಿ ಸೇರುವ ಅರ್ಕಾವತಿಯ ಉದ್ದ ಸುಮಾರು 190 ಕಿಲೋಮೀಟರ್. 1990ರ ದಶಕದಿಂದ ಈಚೆಗೆ ತಿಪ್ಪಗೊಂಡನಹಳ್ಳಿಗೆ ಒಳಹರಿವು ಕುಸಿಯುತ್ತ ಬಂದು, 2010ರ ದಶಕದ ಆರಂಭದಲ್ಲಿ ಅಲ್ಲಿಂದ ನಗರಕ್ಕೆ ನೀರೆತ್ತುವುದೇ ನಿಂತಿತು. ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಮಳೆ ಕಡಿಮೆಯಾಯಿತು.

ಬೆಂಗಳೂರಿನ 'ಏಟ್ರೀ' ಸಂಸ್ಥೆಯ ಸಂಶೋಧಕರು ಈ ಉತ್ತರವನ್ನು ಅಂಕಿ ಅಂಶಗಳಿಂದ ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ನದಿ ಬತ್ತಿದ್ದಕ್ಕೆ ಮಳೆಯ ಕೊರತೆ ಕಾರಣವಲ್ಲ. ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದು, ನೀಲಗಿರಿ ತೋಪುಗಳು ಹೆಚ್ಚಿದ್ದು, ಹಳ್ಳಗಳಿಗೆ ಅಲ್ಲಲ್ಲಿ ಅಡ್ಡಕಟ್ಟೆ ಹಾಕಿದ್ದು: ಇವು ಮುಖ್ಯ ಕಾರಣಗಳಾಗಿ ಕಂಡವು. ಆಕಾಶ ಮೋಸ ಮಾಡಲಿಲ್ಲ. ನೆಲದ ಮೇಲಿನ ನಮ್ಮ ವ್ಯವಹಾರ ಬದಲಾಗಿತ್ತು.

ಇದನ್ನು ಅರ್ಥ ಮಾಡಿಕೊಳ್ಳಲು ಕಾಲ ಕೆಳಗಿನ ಕಲ್ಲನ್ನು ತಿಳಿಯಬೇಕು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಆ ಹೆಸರನ್ನೇ ಹೊತ್ತಿರುವ ಇಲ್ಲಿನ ಕ್ಲೋಸ್‌ಪೇಟೆ ಗ್ರಾನೈಟ್ ಶಿಲೆಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸು. ಇಂಥ ಶಿಲೆಯ ಕೆಳಗೆ ನದಿಯೊಂದು ಹರಿಯುತ್ತಿದೆ ಎಂದು ನಂಬುವವರಿದ್ದಾರೆ. ನಿಜವಾಗಿ ಅಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಅದರಡಿಯಲ್ಲಿ ಕಲ್ಲಿನ ಬಿರುಕುಗಳಲ್ಲಿ ಮಾತ್ರ. ತೆರೆದ ಬಾವಿ ಮೇಲಿನ ಪದರದ ನೀರನ್ನು ಬಳಸುತ್ತಿತ್ತು. ಒಂದು ಒಳ್ಳೆಯ ಮಳೆಗಾಲದಲ್ಲಿ ಅದು ಮತ್ತೆ ತುಂಬುತ್ತಿತ್ತು. ಕೊಳವೆ ಬಾವಿ ಆಳದ ಬಿರುಕಿಗೆ ಕೈ ಹಾಕುತ್ತದೆ. ಅಲ್ಲಿಗೆ ಮಳೆನೀರು ಇಳಿಯುವುದು ಬಹಳ ನಿಧಾನ. ಮೇಲಿನ ಪದರ ಒಣಗಿದ ಮೇಲೆ ನದಿಗೆ ಒಸರುವ ನೀರೂ ನಿಲ್ಲುತ್ತದೆ.

ವಿಜ್ಞಾನ ಓದಿದ ನನಗೂ ಇದು ತಿಳಿದಿತ್ತು. ಆದರೂ ಬೆಂಗಳೂರಿನ ಹೊರವಲಯದ ಬಡಾವಣೆಯೊಂದರಲ್ಲಿ ಮನೆ ಕಟ್ಟಿದಾಗ ಎಲ್ಲರಂತೆ ನಾನೂ 800 ಅಡಿ ಕೊರೆಸಿದೆ. ಮೂರನೆಯ ಬೇಸಿಗೆಗೆ ಕೊಳವೆಯಿಂದ ಬರೀ ಗಾಳಿ ಬಂತು. ಟ್ಯಾಂಕರಿಗೆ ಹಣ ಎಣಿಸಿ ಕೊಟ್ಟ ಮೇಲೆಯೇ ಸೂರಿನ ಕಡೆ ತಲೆ ಎತ್ತಿ ನೋಡಿದ್ದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ! 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆ ಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತಿದಾಗ ಇಡೀ ನಗರಕ್ಕೇ ಇದೇ ಅನುಭವವಾಯಿತು.

ಕೆರೆಯ ಮೂರು ಅಂಗಗಳು

ಹಳೆಯ ಕೆರೆಯನ್ನು ಬರಿಯ ನೀರಿನ ಗುಂಡಿ ಎಂದು ತಿಳಿಯಬೇಡಿ. ಅದಕ್ಕೆ ಮೂರು ಅಂಗಗಳಿದ್ದವು. ಮೊದಲನೆಯದು ನೀರು ಹರಿದು ಬರುವ ಬಯಲು ಮತ್ತು ಕಾಲುವೆ. ಎರಡನೆಯದು ತೂಬು, ಬೇಕಾದಷ್ಟನ್ನೇ ಅಳೆದು ಬಿಡುವ ಬಾಗಿಲು. ಮೂರನೆಯದು ಕೋಡಿ, ಹೆಚ್ಚಾದದ್ದನ್ನು ಏರಿಗೆ ಅಪಾಯವಾಗದಂತೆ ಕೆಳಗಿನ ಕೆರೆಗೆ ದಾಟಿಸುವ ದಾರಿ. ಒಂದರ ಕೋಡಿ ಇನ್ನೊಂದಕ್ಕೆ ಒಳಹರಿವು. ಹೀಗೆ ಸರಪಳಿಯಂತೆ ಸಾಗಿ ಕೊನೆಗೆ ನದಿ.

ತೂಬು ಎತ್ತುವ ಅಧಿಕಾರ ಎಲ್ಲರಿಗೂ ಇರಲಿಲ್ಲ. ಆ ಕೆಲಸ ನೀರುಗಂಟಿಯದು. ಯಾರ ಗದ್ದೆಗೆ ಯಾವಾಗ ಎಷ್ಟು ಎಂಬ ಲೆಕ್ಕ ಅವನ ತಲೆಯಲ್ಲಿರುತ್ತಿತ್ತು. ಸುಗ್ಗಿಯಲ್ಲಿ ಕಣದಿಂದಲೇ ಅವನಿಗೆ ಕಾಳು ಸಲ್ಲುತ್ತಿತ್ತು. ಬೇಸಿಗೆಯಲ್ಲಿ ಕೆರೆಯ ಗೋಡು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಗೆ ಹೂಳು ತೆಗೆದಂತೆಯೂ ಆಯಿತು, ಹೊಲಕ್ಕೆ ಗೊಬ್ಬರವೂ ಆಯಿತು. ಆ ವ್ಯವಸ್ಥೆಯಲ್ಲಿ ಜಾತಿಯ ಅನ್ಯಾಯವೂ ಇತ್ತು. ಕೆರೆ ಬಾವಿಗಳ ನೀರು ಎಲ್ಲರಿಗೂ ಸಮನಾಗಿ ಸಿಗುತ್ತಿರಲಿಲ್ಲ. ಅದನ್ನು ನಾವು ಮರಳಿ ತರಬೇಕಾಗಿಲ್ಲ. ಕಲಿಯಬೇಕಾದದ್ದು ಅಳತೆಯ ಶಿಸ್ತನ್ನು ಮಾತ್ರ.

ಕೈಲಾಂಚದ ಕಡೆ ಚಿತ್ರೀಕರಣಕ್ಕೆ ಹೋಗಿದ್ದಾಗ ಒಬ್ಬ ಅಜ್ಜಿಯನ್ನು, ಹಿಂದೆ ಮನೆಗೆ ದಿನಕ್ಕೆ ಎಷ್ಟು ಕೊಡ ನೀರು ಬೇಕಾಗುತ್ತಿತ್ತು ಎಂದು ಕೇಳಿದೆ. ಆಕೆ ಲೆಕ್ಕ ಹೇಳಲಿಲ್ಲ. "ಹೊತ್ತು ತಂದ ನೀರನ್ನ ಯಾರೂ ಚೆಲ್ಲಾಕಿಲ್ಲ ಕಣಪ್ಪ" ಎಂದರು. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ನಮ್ಮ ನಾಲ್ವರ ಕುಟುಂಬದ 540 ಲೀಟರ್ ಎಂದರೆ 36 ಕೊಡ. ಹೊರುವವರು ನಾವೇ ಆಗಿದ್ದರೆ?

ಮನೆಗೆ ಇಳಿಸಿದರೆ

ಈಗ ಮನೆಯನ್ನೇ ಒಂದು ಕೆರೆ ಎಂದು ಭಾವಿಸಿ. ಸೂರು ಅದರ ಜಲಾನಯನ, ನಲ್ಲಿ ಅದರ ತೂಬು, ಸಂಪಿನಿಂದ ಉಕ್ಕುವ ನೀರು ಅದರ ಕೋಡಿ.

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರ ಅಡಿಯ ಸೂರು ಎಂದರೆ 93 ಚದರ ಮೀಟರ್. ವರ್ಷಕ್ಕೆ 900 ಮಿಲಿಮೀಟರ್ ಮಳೆ ಎಂದು ಹಿಡಿದರೆ ಬೀಳುವುದು ಸುಮಾರು 83 ಸಾವಿರ ಲೀಟರ್. ಆವಿಯಾಗಿ, ಚೆಲ್ಲಿ ಹೋಗುವುದನ್ನು ಕಳೆದರೂ 70 ಸಾವಿರ ಲೀಟರ್ ಕೈಗೆ ಸಿಗುತ್ತದೆ. ಕುಟುಂಬದ ವರ್ಷದ ಬಳಕೆ ಸುಮಾರು 1 ಲಕ್ಷ 97 ಸಾವಿರ ಲೀಟರ್. ಅಂದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತಲೆಯ ಮೇಲೆಯೇ ಬೀಳುತ್ತಿದೆ. ಕುಡಿಯಲು, ಅಡುಗೆಗೆ ತಲೆಗೆ 10 ಲೀಟರಿನಂತೆ ನಾಲ್ವರಿಗೆ ವರ್ಷಕ್ಕೆ ಬೇಕಾದದ್ದು 14,600 ಲೀಟರ್ ಮಾತ್ರ.

ಆದರೆ ಎಲ್ಲವನ್ನೂ ಕೂಡಿಡಲು ಸಾಧ್ಯವಿಲ್ಲ. 25 ಮಿಲಿಮೀಟರಿನ ಒಂದು ಜೋರು ಮಳೆಗೇ ಎರಡು ಸಾವಿರ ಲೀಟರ್ ಬರುವುದರಿಂದ, ಐದು ಸಾವಿರ ಲೀಟರಿನ ಸಂಪು ಮೂರು ಮಳೆಗೆ ತುಂಬುತ್ತದೆ. ಇಲ್ಲೇ ಕೋಡಿ ಬೇಕಾಗುವುದು. ತುಂಬಿ ಮಿಕ್ಕಿದ್ದು ರಸ್ತೆಗೆ ಹೋಗದೆ ಜಲ್ಲಿ ತುಂಬಿದ ಇಂಗುಗುಂಡಿಗೋ ಹಳೆಯ ತೆರೆದ ಬಾವಿಗೋ ಹೋಗಬೇಕು. ಪಾಲಿಸಬೇಕಾದ ನಿಯಮಗಳು ಕೆಲವೇ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಬೇಕು. ಜಲ್ಲಿ, ಮರಳಿನ ಶೋಧಕ ಇರಬೇಕು. ಸಂಪಿಗೆ ಬೆಳಕೂ ಸೊಳ್ಳೆಯೂ ಹೋಗದಂಥ ಮುಚ್ಚಳ ಬೇಕು. ಕುಡಿಯುವ ಮೊದಲು ಕುದಿಸಬೇಕು. ಬಚ್ಚಲಿನ ನೀರು ಬಾಳೆಗೆ, ಕಾಬಾಳೆಗೆ ಹರಿಯಬೇಕು.

ಇದು ಆಗದ ಹೋಗದ ಮಾತಲ್ಲ. ರಾಜ್ಯ ವಿಜ್ಞಾನ ತಂತ್ರಜ್ಞಾನ ಮಂಡಳಿಯ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ 1995ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಮನೆ ಮಳೆನೀರಿನಲ್ಲೇ ನಡೆದು ಬಂದಿದೆ. 2009ರಲ್ಲಿ ಬೆಂಗಳೂರು ಜಲಮಂಡಳಿಯ ಕಾಯಿದೆಗೆ ತಿದ್ದುಪಡಿ ತಂದು ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಲಾಯಿತು. ನಗರ ಬೆಳೆದು ಮುಗಿದ ಮೇಲೆ ಅಲ್ಲಿ ಕಾಯಿದೆ ಬಂತು. ಕೈಲಾಂಚದಂಥ ಊರಿಗೆ ಮನೆ ಕಟ್ಟುವ ಮೊದಲೇ ಎಚ್ಚರಗೊಳ್ಳುವ ಅವಕಾಶ ಇನ್ನೂ ಇದೆ.

ಒಲೆಯ ವಿಷಯದಲ್ಲೂ ಇದೇ ಮಾತು. 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ಆರಂಭವಾದ 'ಅಸ್ತ್ರ' ಘಟಕ, ಹಳ್ಳಿಯ ಒಲೆಯಲ್ಲಿ ಎಷ್ಟು ಸೌದೆ ಉರಿದರೆ ಎಷ್ಟು ಶಾಖ ಪಾತ್ರೆಗೆ ಸೇರುತ್ತದೆ ಎಂದು ಮೊದಲು ಅಳೆಯಿತು. ಬಹುಪಾಲು ವ್ಯರ್ಥವಾಗುವುದನ್ನು ಕಂಡ ಮೇಲೆ ಅಸ್ತ್ರ ಒಲೆಯನ್ನು ರೂಪಿಸಿತು. ಅಳತೆ ಮೊದಲು, ಉಪಾಯ ಆಮೇಲೆ.

ಒಂದು ಎಚ್ಚರಿಕೆ ಹೇಳಲೇಬೇಕು. ಸೂರಿನ ನೀರೊಂದರಿಂದಲೇ ಅರ್ಕಾವತಿ ತುಂಬಿ ಹರಿಯುವುದಿಲ್ಲ. ಕೆರೆಗೆ ನೀರು ತರುವ ಕಾಲುವೆಯ ಮೇಲೆ ಬಡಾವಣೆ ಎದ್ದರೆ, ಮನೆ ಮನೆಯ ಇಂಗುಗುಂಡಿಯೂ ಆ ಕೆರೆಯನ್ನು ಉಳಿಸಲಾರದು. ಮನೆಯ ಕೆರೆಯೂ ಊರಿನ ಕೆರೆಯೂ ಒಟ್ಟಿಗೇ ಉಳಿಯಬೇಕು.

ನೀವೇ ಮಾಡಿ ನೋಡಿ

ನಿಮ್ಮ ಮನೆಯ ಸೂರನ್ನು ಟೇಪು ಹಿಡಿದು ಅಳೆಯಿರಿ; ಮೇಲಿನ ಲೆಕ್ಕ ಹಾಕಿ. ಒಂದು ವಾರ ಮನೆಯವರೆಲ್ಲ ಬಳಸುವ ನೀರನ್ನು ಬಕೆಟಿನಲ್ಲಿ ಎಣಿಸಿ ಬರೆದಿಡಿ. ಆಮೇಲೆ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ನಿಮ್ಮ ಊರಿನ ಕೆರೆಯ ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ನೀರು ಬರುತ್ತಿದ್ದ ಕಾಲುವೆ ಈಗ ಯಾವ ಸ್ಥಿತಿಯಲ್ಲಿದೆ ಎಂದು ನಕ್ಷೆ ಬರೆಯಿರಿ. ಅದನ್ನು ಶಾಲೆಯ ಗೋಡೆಗೆ ಹಾಕಿ. ಮುಂದೆ ಅಲ್ಲಿ ಸೈಟು ಗುರುತಿಸಲು ಯಾರಾದರೂ ಬಂದಾಗ, ಕಾಲುವೆ ಇದ್ದದ್ದು ಇಲ್ಲೇ ಎಂದು ತೋರಿಸಲು ನಿಮ್ಮ ಆ ಹಾಳೆ ಇರುತ್ತದೆ.