ಮೊಬೈಲ್ ನೋಡುತ್ತಿದ್ದರೆ ಇಂಜೆಕ್ಷನ್ ನೋವು ಗೊತ್ತಾಗುವುದಿಲ್ಲವೇ? ನಿಜವೆಷ್ಟು, ಸುಳ್ಳೆಷ್ಟು?

ಹೇಳಿಕೆ: ಚಿಕಿತ್ಸೆಯ ವೇಳೆ ವಿಡಿಯೊ ನೋಡುತ್ತಿದ್ದರೆ ನೋವೇ ಆಗುವುದಿಲ್ಲ, ಅರಿವಳಿಕೆಯೂ ಬೇಡ.

ಸತ್ಯಾಂಶ: ಅರ್ಧ ನಿಜ. ನೋವು, ಭಯ ಕಡಿಮೆಯಾಗಬಹುದು. ಅರಿವಳಿಕೆ ಬೇಡ ಎನ್ನುವುದು ಸುಳ್ಳು, ಅಪಾಯಕಾರಿ.

ಇದು ಹೇಗೆ ಕೆಲಸ ಮಾಡುತ್ತದೆ?

ಸೂಜಿ ಚುಚ್ಚುವುದು ಚರ್ಮಕ್ಕಾದರೂ ನೋವು ಅನುಭವಕ್ಕೆ ಬರುವುದು ಮೆದುಳಿನಲ್ಲಿ. ಮೆದುಳಿನ ಗಮನಕ್ಕೆ ಮಿತಿಯಿದೆ. ಕಣ್ಣು ಬೇರೆ ಕಡೆ ತೊಡಗಿದ್ದರೆ ನೋವಿನ ಸಂಕೇತದ ಮೇಲಿನ ಗಮನ ಕಡಿಮೆಯಾಗುತ್ತದೆ. ಸೂಜಿಯನ್ನೇ ನೆನೆದು ಹೆದರುತ್ತಿದ್ದರೆ ನೋವು ಹೆಚ್ಚೆನಿಸುತ್ತದೆ.

ಪುರಾವೆ ಏನಿದೆ?

• ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ ಅರ್ಧ ಜನರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಪ್ರಬಲ ನೋವುನಿವಾರಕಗಳನ್ನು ಕಡಿಮೆ ಬಳಸಿದರು, ಬೇಗ ಮನೆಗೆ ಹೋದರು. ಇದು ಚಿಕ್ಕ ಅಧ್ಯಯನ ಎನ್ನುವುದೂ ನೆನಪಿರಲಿ.
• ಸುಟ್ಟಗಾಯಕ್ಕೆ ಡ್ರೆಸ್ಸಿಂಗ್ ಮಾಡುವಾಗ ಹಿಮದ ದೃಶ್ಯಗಳ ವಿಆರ್ ಆಟ ತೋರಿಸಿದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರಿಗೂ ನೋವು ತಗ್ಗಿದ್ದು ಕಂಡುಬಂತು. ಅಲ್ಲಿ ನೋವುನಿವಾರಕದ ಜೊತೆಗೇ ಇದನ್ನು ಬಳಸಿದ್ದರು.

ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಗೆ ಹೆದರುವವರಿಗೆ

ಪಾವಗಡದ ಸ್ವಾಮಿ ವಿವೇಕಾನಂದ ಸಮಗ್ರ ಗ್ರಾಮೀಣ ಆರೋಗ್ಯ ಕೇಂದ್ರದಂಥ ಕಡೆ ಈ ಶಸ್ತ್ರಚಿಕಿತ್ಸೆಗೆ ಹಳ್ಳಿಗಳಿಂದ ಹಿರಿಯರು ಬರುತ್ತಾರೆ. ಸಾಮಾನ್ಯವಾಗಿ ಕಣ್ಣಿಗಷ್ಟೇ ಅರಿವಳಿಕೆ ಕೊಡುವುದರಿಂದ ರೋಗಿಗೆ ಎಚ್ಚರವಿರುತ್ತದೆ. ಬೆಳಕು, ಬಣ್ಣ, ಉಪಕರಣದ ಚಲನೆ ಕಾಣಬಹುದು. ಗೊತ್ತಿಲ್ಲದವರು ಗಾಬರಿಯಾಗುತ್ತಾರೆ, ಅಲುಗಾಡಿದರೆ ತೊಂದರೆ. "ಹೀಗೆ ಕಾಣುವುದು ಸಹಜ" ಎಂದು ಮೊದಲೇ ತಿಳಿಸಿದರೆ ಭಯ ಕಡಿಮೆಯಾಗುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ಇದಕ್ಕೆ ಖರ್ಚೂ ಇಲ್ಲ.

ನೀವೇನು ಮಾಡಬಹುದು?

• ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಲ್ಲೇ ಇರಲಿ, ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಮಗುವಿಗೆ ಸೂಜಿ ಚುಚ್ಚುವ ಮೊದಲೇ ಇಷ್ಟದ ವಿಡಿಯೊ ಅಥವಾ ಚಿತ್ರಪುಸ್ತಕ ತೋರಿಸಿ.
• ಹಸುಗೂಸಿಗೆ ಮೊಬೈಲ್ ಬೇಡ. ಎತ್ತಿಕೊಂಡು ಎದೆಹಾಲು ಕುಡಿಸುವುದೇ ಒಳ್ಳೆಯದು.
• ದೊಡ್ಡವರು ಸೂಜಿಯಿಂದ ಮುಖ ತಿರುಗಿಸಬಹುದು. ತಲೆಸುತ್ತು ಬರುವವರು ನರ್ಸ್‌ಗೆ ಮೊದಲೇ ಹೇಳಿ, ಮಲಗಿಯೇ ಇಂಜೆಕ್ಷನ್ ತೆಗೆದುಕೊಳ್ಳಿ.
• "ನೋವೇ ಆಗಲ್ಲ" ಎಂದು ಮಗುವಿಗೆ ಸುಳ್ಳು ಹೇಳಬೇಡಿ. ಮುಂದಿನ ಬಾರಿ ಅದು ನಿಮ್ಮನ್ನು ನಂಬುವುದಿಲ್ಲ.
• ವೈದ್ಯರು ಹೇಳಿದ ಅರಿವಳಿಕೆ, ನೋವಿನ ಮಾತ್ರೆ ಬಿಡಬೇಡಿ. ಸಹಿಸಲಾಗದಿದ್ದರೆ ತಕ್ಷಣ ಹೇಳಿ.

ಕೊನೆಯ ಮಾತು: ದೃಶ್ಯ ನೋವನ್ನು ಮರೆಸಲು ನೆರವಾಗುತ್ತದೆ, ಔಷಧದ ಜಾಗ ತುಂಬುವುದಿಲ್ಲ. ಫಾರ್ವರ್ಡ್ ಮಾಡುವುದಾದರೆ ಈ ಎರಡೂ ಮಾತುಗಳನ್ನು ಒಟ್ಟಿಗೇ ಕಳುಹಿಸಿ.