ಕೆಟ್ಟ ಹೆಸರಿನ ಕೆಲಸಕ್ಕೆ ಹೋಗಬೇಕೋ ಬೇಡವೋ: ಕೋಲಾರದ ಚಿನ್ನದ ಗಣಿ ಹೇಳುವ ಕಥೆ

ಹೋದ ವಾರ ನಮ್ಮ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. ಡಿಪ್ಲೊಮಾ ಮುಗಿಸಿ ಏಳು ತಿಂಗಳಾಯಿತು. ಬೆಂಗಳೂರು ಕಡೆಯ ಒಂದು ಕಾರ್ಖಾನೆಯಿಂದ ಇಂಟರ್‌ವ್ಯೂಗೆ ಕರೆ ಬಂದಿದೆ. ಫೋನಿನಲ್ಲಿ ಆ ಕಂಪನಿ ಹೆಸರು ಹಾಕಿ ನೋಡಿದರೆ ಐದಕ್ಕೆ ಎರಡೇ ಸ್ಟಾರ್. "ಓಟಿ ದುಡ್ಡು ಕೊಡಲ್ಲ", "ಸೂಪರ್‌ವೈಸರ್ ಬಾಯಿಗೆ ಬಂದಂಗೆ ಬೈತಾರೆ", "ಯಾರೂ ಸೇರಬೇಡಿ" ಅಂತ ಸಾಲು ಸಾಲು. ನಡುವೆ ಒಬ್ಬರು "ತುಂಬಾ ಒಳ್ಳೆ ಕಂಪನಿ" ಅಂತಲೂ ಬರೆದಿದ್ದಾರೆ. "ಅಣ್ಣ, ಹೋಗ್ಲಾ ಬ್ಯಾಡ್ವಾ?" ಅಂದಳು.

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಆದರೆ ಈ ಪ್ರಶ್ನೆ ನಮ್ಮ ಕೋಲಾರ ಜಿಲ್ಲೆಗೆ ಹೊಸದಲ್ಲ. ನೂರು ವರ್ಷಕ್ಕೂ ಹಿಂದೆ ಸಾವಿರಾರು ಮನೆಗಳಲ್ಲಿ ಇದೇ ಮಾತು ನಡೆದಿತ್ತು. ಆಗ ಕಂಪನಿ ಅಂದರೆ ಒಂದೇ: ಚಿನ್ನದ ಗಣಿ. ಸ್ಟಾರ್ ಕೊಡುವ ಫೋನ್ ಇರಲಿಲ್ಲ. ಗಣಿಯಿಂದ ಊರಿಗೆ ಬಂದವನ ಮಾತು, ಅವನ ಕೈಯಲ್ಲಿದ್ದ ದುಡ್ಡು, ಅವನ ಕೆಮ್ಮು, ಇವೇ ಆಗಿನ ರಿವ್ಯೂ.

ಗಣಿಗೆ ಯಾಕೆ ಕೆಟ್ಟ ಹೆಸರು?

1870ರ ದಶಕದಲ್ಲಿ ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಇಲ್ಲಿ ಗಣಿ ಅಗೆಯುವ ಹಕ್ಕು ಪಡೆದ. ಬೆಂಗಳೂರಿನ ಲ್ಯಾವೆಲ್ ರಸ್ತೆ ಇವನ ಹೆಸರಿನದೇ. 1880ರ ನಂತರ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಳ ಆಡಳಿತಕ್ಕೆ ಬಂತು. ಮೈಸೂರು, ಚಾಂಪಿಯನ್ ರೀಫ್, ಊರಗಾಂ, ನಂದಿದುರ್ಗ ಅಂತ ಒಂದರ ಪಕ್ಕ ಒಂದು ಗಣಿ ಎದ್ದವು. ಚಿನ್ನದ ಎಳೆ ಹಿಡಿದು ಹೋದಂತೆಲ್ಲ ಗಣಿ ಆಳವಾಯಿತು. ಚಾಂಪಿಯನ್ ರೀಫ್ ಕೊನೆಗೆ ನೆಲದಿಂದ 3 ಕಿಲೋಮೀಟರಿಗೂ ಕೆಳಗೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ದಾಟುತ್ತಿತ್ತು.

ಶಾಖ ಒಂದು ಕಡೆ. ಮೇಲಿನ ಭಾರ ತಡೆಯಲಾರದೆ ಬಂಡೆ ಸಿಡಿಯುವುದು ಇನ್ನೊಂದು ಕಡೆ. ಸಿಡಿದರೆ ಒಳಗಿದ್ದವರ ಗತಿ ದೇವರಿಗೇ ಗೊತ್ತು. ಮೂರನೆಯದು ಧೂಳು. ಕಲ್ಲಿಗೆ ತೂತು ಕೊರೆದಾಗ ಏಳುವ ನುಣ್ಣನೆ ಧೂಳು ವರ್ಷಗಟ್ಟಲೆ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತಿತ್ತು. ಇರಲು ಬಿದಿರಿನ ತಟ್ಟಿಯ ಗುಡಿಸಲು, ಆಮೇಲೆ ಸಾಲು ಮನೆಯ ಒಂದು ಕೋಣೆ. ಇಷ್ಟು ಸಾಲದು ಅಂತ, ಚಿನ್ನ ಕದ್ದಿರಬಹುದೆಂಬ ಅನುಮಾನದಲ್ಲಿ ದಿನವೂ ತಪಾಸಣೆ.

ಆದರೂ ಜನ ಯಾಕೆ ಹೋದರು?

ಗಣಿಯೊಳಗೆ ಇಳಿದವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಯವರಲ್ಲ. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದವರು. ಅವರಲ್ಲೂ ಬಹುಪಾಲು ದಲಿತರು. ಗಣಿಯ ಕೆಟ್ಟ ಸುದ್ದಿ ಅವರ ಕಿವಿಗೆ ಬಿದ್ದಿರಲಿಲ್ಲವೇ? ಖಂಡಿತ ಬಿದ್ದಿತ್ತು. ಆದರೆ ಅವರು ಗಣಿಯನ್ನು ಒಳ್ಳೆ ಕೆಲಸದ ಜೊತೆ ಹೋಲಿಸಲಿಲ್ಲ, ತಾವು ಬಿಟ್ಟುಬರುವ ಊರಿನ ಜೊತೆ ಹೋಲಿಸಿದರು. ಊರಲ್ಲಿ ಇದ್ದದ್ದು ಮಳೆ ಕಾಣದ ಹೊಲ, ತಲೆಮಾರಿನ ಸಾಲ, ಸಾಲಕ್ಕಾಗಿ ಧಣಿಯ ಹೊಲದಲ್ಲಿ ದುಡಿತ, ಕೇರಿಯ ಅವಮಾನ. ಗಣಿಯಲ್ಲಿ ಕೈಗೆ ನಗದು ಬರುತ್ತಿತ್ತು. ಧಣಿಯ ಕಣ್ಣೆದುರು ತಲೆ ತಗ್ಗಿಸಿ ನಿಲ್ಲಬೇಕಾಗಿರಲಿಲ್ಲ. ಅಯೋತಿದಾಸ ಪಂಡಿತರ ಬೌದ್ಧ ಸಂಘ ಮಾರಿಕುಪ್ಪಂನಲ್ಲಿ ಬೇರೂರಿದ್ದು ಸುಮ್ಮನೆ ಅಲ್ಲ. ಮಕ್ಕಳನ್ನು ಶಾಲೆಗೆ ಕಳಿಸುವ, ಸಂಘ ಕಟ್ಟುವ ಜಾಗ ಅವರಿಗೆ ಅಲ್ಲಿ ಸಿಕ್ಕಿತ್ತು.

ಹೀಗಾಗಿ ಜಮೀನಿದ್ದವನಿಗೆ "ಸಾಯೋಕೆ ಹೋಗ್ತಾರಾ" ಅನ್ನಿಸಿದ ಕೆಲಸ, ಜಮೀನಿಲ್ಲದವನಿಗೆ ಬದುಕುವ ದಾರಿಯಾಗಿ ಕಂಡಿತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಮಾತು ಯಾರದು?

ಗಣಿಯ ಬಗ್ಗೆ ಒಳ್ಳೆ ಮಾತು ಹೇಳಿಕೊಂಡು ಹಳ್ಳಿಗೆ ಬರುತ್ತಿದ್ದವನು ಮೇಸ್ತ್ರಿ. ಆಳು ಸೇರಿಸಿದಷ್ಟೂ ಅವನಿಗೆ ಲಾಭ. "ದಿನಗೂಲಿ ಇಷ್ಟು, ಮನೆ ಕೊಡ್ತಾರೆ" ಅಂತ ಹೇಳಿ ಮುಂಗಡ ಕೈಗಿಡುತ್ತಿದ್ದ. ಇವತ್ತು ಐದು ಸ್ಟಾರ್ ಕೊಟ್ಟು ಹೊಗಳುವವರಲ್ಲಿ ಈ ಮೇಸ್ತ್ರಿಯ ವಂಶದವರೂ ಇರಬಹುದು ಅಂತ ನೆನಪಿಡುವುದು ಒಳ್ಳೆಯದು.

ಇನ್ನೊಂದು ವಿಷಯ. ಇದೇ ಕೆಜಿಎಫ್‌ಗೆ 'ಪುಟ್ಟ ಇಂಗ್ಲೆಂಡ್' ಅಂತಲೂ ಹೆಸರಿತ್ತು. ಬ್ರಿಟಿಷ್ ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಇದ್ದವು. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಇಲ್ಲಿಗೆ ಕರೆಂಟು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಬಂಗಲೆಯವನನ್ನು ಕೇಳಿದ್ದರೆ ಗಣಿಗೆ ಐದಕ್ಕೆ ಐದು ಕೊಡುತ್ತಿದ್ದ. ಡ್ರಿಲ್ ಹಿಡಿದವನು ಒಂದನ್ನೂ ಕೊಡುತ್ತಿರಲಿಲ್ಲ. ಕಂಪನಿ ಒಂದೇ, ಕೆಲಸ ಬೇರೆ. ಹಾಗಾಗಿ "ಕಂಪನಿ ಹೇಗೆ?" ಎಂದು ಕೇಳಿದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. "ನಾನು ಮಾಡಬೇಕಾದ ಕೆಲಸ ಹೇಗೆ? ಅದನ್ನೇ ಮಾಡಿದವರು ಏನಂತಾರೆ?" ಅಂತ ಕೇಳಬೇಕು.

ಎಷ್ಟು ದಿನ ದುಡಿದವನ ಮಾತು ಅನ್ನುವುದೂ ಮುಖ್ಯ. ಎರಡು ತಿಂಗಳಲ್ಲಿ ಬಿಟ್ಟು ಬಂದವನು ಶಾಖದ ಬಗ್ಗೆ, ಬೈಗುಳದ ಬಗ್ಗೆ ಹೇಳಬಲ್ಲ. ಸಿಲಿಕೋಸಿಸ್ ಬಗ್ಗೆ ಹೇಳಲಾರ, ಅದು ಗೊತ್ತಾಗಲು ವರ್ಷಗಳೇ ಬೇಕು. ದೊಡ್ಡ ಅಪಾಯ ಎಷ್ಟೋ ಸಲ ಬೈಗುಳದಷ್ಟು ಜೋರಾಗಿ ಕೇಳುವುದಿಲ್ಲ.

ಕಂಪನಿಯೂ ನಮ್ಮ ರಿವ್ಯೂ ಬರೆಯುತ್ತಿತ್ತು

1930ರಲ್ಲಿ ಗಣಿ ಕಂಪನಿಗಳು ಕಾರ್ಮಿಕರೆಲ್ಲರ ಬೆರಳಚ್ಚು ತೆಗೆದುಕೊಳ್ಳಲು ಹೊರಟವು. ಒಂದು ಗಣಿಯಲ್ಲಿ ಕೆಲಸ ಕಳೆದುಕೊಂಡವನು ಹೆಸರು ಬದಲಿಸಿ ಪಕ್ಕದ ಗಣಿಗೆ ಸೇರದಂತೆ ತಡೆಯಲು ಇದು ದಾರಿ. ಅಂದರೆ ಕೆಲಸಗಾರನ ಮೇಲೆ ಅಳಿಸಲಾಗದ ಒಂದು ಸ್ಟಾರ್ ಒತ್ತುವ ಏರ್ಪಾಡು. ಕಾರ್ಮಿಕರು ಒಪ್ಪಲಿಲ್ಲ. ಮೂರು ವಾರ ಮುಷ್ಕರ ನಡೆಯಿತು. ಓದು ಬರಹ ಬಾರದ ಜನ ಕೂಡ ಇದರ ಅಪಾಯವನ್ನು ಸರಿಯಾಗಿಯೇ ಗುರುತಿಸಿದ್ದರು.

ಮುಂದೆ ಸಂಘಗಳು ಬಂದವು. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂತು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅಷ್ಟರಲ್ಲಿ ಸುಮಾರು 800 ಟನ್ ಚಿನ್ನ ಹೊರಗೆ ಹೋಗಿತ್ತು. ಉಳಿದದ್ದು ಸಯನೈಡ್ ಮಣ್ಣಿನ ಗುಡ್ಡಗಳು ಮತ್ತು ಅದೇ ಸಾಲು ಮನೆಗಳು.

ಹಾಗಾದರೆ ಹೋಗಬೇಕಾ?

ಇದನ್ನೆಲ್ಲ ಯೋಚಿಸಿ ತಂಗಿಗೆ ನಾನು ಹೇಳಿದ್ದಿಷ್ಟು. ಗಣಿಯವರನ್ನು ಕಟ್ಟಿಹಾಕಿದ್ದು ಕೆಟ್ಟ ಕೆಲಸವೊಂದೇ ಅಲ್ಲ, ಕೆಲಸ ನೋಡುವ ಮೊದಲೇ ತೆಗೆದುಕೊಂಡ ಮುಂಗಡ. ಗಣಿಬಾಯಿ ನೋಡಿ "ಬೇಡ" ಅಂತ ತಿರುಗಿ ಬರುವ ಅವಕಾಶ ಅವರಿಗಿರಲಿಲ್ಲ. ನಿನಗೆ ಇದೆ. ಇಂಟರ್‌ವ್ಯೂಗೆ ಹೋಗುವುದು ಅಂದರೆ ಸೇರುವುದಲ್ಲ. ಖರ್ಚಾಗುವುದು ಒಂದು ದಿನ, ರೈಲಿನ ದುಡ್ಡು. ಆದರೆ ಅಲ್ಲಿ ಡೆಪಾಸಿಟ್ ಕೇಳಿದರೆ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ, ಇಷ್ಟು ವರ್ಷ ಬಿಡುವಂತಿಲ್ಲ ಅಂತ ಬಾಂಡ್ ಮುಂದಿಟ್ಟರೆ, ಅದೇ ಹಳೆ ಮುಂಗಡ ಅಂತ ತಿಳಿದು ಎದ್ದು ಬಾ. ನೇಮಕಾತಿ ಪತ್ರ ಕೊಡ್ತಾರಾ, ಪಿಎಫ್, ಇಎಸ್ಐ ಯಾವ ದಿನದಿಂದ, ಓಟಿ ಲೆಕ್ಕ ಹೇಗೆ, ಅಂತ ನೀನೇ ಕೇಳು. ಅವರು ಉತ್ತರ ಕೊಡುವ ರೀತಿಯೇ ನಿನಗೆ ಒಂದು ರಿವ್ಯೂ.

ಮೊನ್ನೆ ಮಾರಿಕುಪ್ಪಂ ರೈಲಿನಲ್ಲಿ ಹೋಗಿ ಬಂದಳು. ಗಣಿ ಮುಚ್ಚಿದ ಮೇಲೆ ಕೆಜಿಎಫ್ ಜನ ಬೆಂಗಳೂರಿಗೆ ದಿನಾ ಕೆಲಸಕ್ಕೆ ಹೋಗುವುದು ಈ ರೈಲುಗಳಲ್ಲೇ. ಬೋಗಿಯಲ್ಲಿ ಪಕ್ಕ ಕೂತಿದ್ದ ಇಬ್ಬರು ಹೆಂಗಸರು ಅದೇ ಕಾರ್ಖಾನೆಯವರು, ಒಬ್ಬರು ನಾಲ್ಕು ವರ್ಷದಿಂದ ಇದ್ದಾರಂತೆ. "ಪಿಎಫ್ ಸರಿಯಾಗಿ ಬೀಳುತ್ತೆ ಕಣಮ್ಮ. ಎರಡನೇ ಶಿಫ್ಟಿನ ಸೂಪರ್‌ವೈಸರ್ ಮಾತ್ರ ಸರಿ ಇಲ್ಲ, ಮೊದಲನೇ ಶಿಫ್ಟ್ ಕೇಳ್ಕೊ" ಅಂದರಂತೆ. ಫೋನಿನಲ್ಲಿ ಎಷ್ಟು ಹುಡುಕಿದರೂ ಸಿಗದ ಮಾತು ಅದು.

ಇಂಟರ್‌ವ್ಯೂನಲ್ಲಿ ಮಾರ್ಕ್ಸ್ ಕಾರ್ಡ್ ಕೇಳಲಿಲ್ಲ. ಓಟಿ ಬಗ್ಗೆ ಕೇಳಿದಾಗ ಮಾತ್ರ ಎದುರಿಗಿದ್ದವರು ನಕ್ಕು ಸುಮ್ಮನಾದರಂತೆ. ಸೋಮವಾರದೊಳಗೆ ಉತ್ತರ ಹೇಳಬೇಕು. ಅವಳಿನ್ನೂ ಯೋಚಿಸುತ್ತಿದ್ದಾಳೆ. ಯೋಚಿಸಲಿ. ಅವಳ ಮುತ್ತಜ್ಜನ ಕಾಲದಲ್ಲಿ ಗಣಿಗೆ ಇಳಿದವರಿಗೆ ಆ ಎರಡು ದಿನ ಸಿಕ್ಕಿರಲಿಲ್ಲ.