ಲೊಕ್ಕಿಗುಂಡಿಯ ಗುಡಿಗಳೂ ಬಾವಿಗಳೂ

ಗದಗು ಪಟ್ಟಣದಿಂದ ಮೂಡಲಿಗೆ, ಹೊಸಪೇಟೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಸುಮಾರು 12 ಕಿಲೋಮೀಟರುಗಳ ಅಂತರದಲ್ಲಿ ಲಕ್ಕುಂಡಿಯೆಂಬ ಗ್ರಾಮವುಂಟು. ದಾರಿಹೋಕನ ಕಣ್ಣಿಗೆ ಇದು ಹೊಲಗಳ ನಡುವಣ ಒಂದು ಸಾಧಾರಣವಾದ ಹಳ್ಳಿ. ಊರೊಳಕ್ಕೆ ಕಾಲಿಟ್ಟ ಬಳಿಕವೇ ಮನೆಗಳ ಸಾಲಿನ ನಡುವೆ, ಹಿತ್ತಿಲುಗಳ ಮಗ್ಗುಲಲ್ಲಿ, ಒಂದರ ಹಿಂದೊಂದು ಶಿಲಾದೇವಾಲಯಗಳು ಕಾಣಬರತೊಡಗುವುವು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಜನರು ಈ ಊರನ್ನು ಕೊಂಡಾಡುವ ವಾಡಿಕೆಯಿದೆ. ಈ ಸಂಖ್ಯೆಯು ಎಣಿಸಿ ಹೇಳಿದುದಲ್ಲದೆ ಇರಬಹುದು. ಆದರೆ ಗುಡಿಯನ್ನೂ ಬಾವಿಯನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಮಾತಿನಲ್ಲಿ ಊರಿನ ಚರಿತ್ರೆಯ ತಿರುಳು ಅಡಗಿದೆ.

ಶಾಸನಗಳಲ್ಲಿ ಈ ಊರಿನ ಹೆಸರು ಲೊಕ್ಕಿಗುಂಡಿ. ಕ್ರಿ. ಶ. 973ರಲ್ಲಿ ಎರಡನೆಯ ತೈಲಪನು ರಾಷ್ಟ್ರಕೂಟರಿಂದ ರಾಜ್ಯವನ್ನು ಕೈವಶಮಾಡಿಕೊಂಡು ಚಾಲುಕ್ಯವಂಶವನ್ನು ಮರಳಿ ಸ್ಥಾಪಿಸಿದ ಮೇಲೆ ಇದರ ಅಭ್ಯುದಯವಾಯಿತು. ಇದು ವಿದ್ವಾಂಸರಾದ ಮಹಾಜನರಿಂದ ಕೂಡಿದ ಅಗ್ರಹಾರವಾಗಿದ್ದಿತು. ಜೊತೆಗೆ ಟಂಕಸಾಲೆಯ ಊರೂ ಆಗಿದ್ದಿತು. ಶಾಸನಗಳಲ್ಲಿ ಅಲ್ಲಲ್ಲಿ ಬರುವ ಲೊಕ್ಕಿಗದ್ಯಾಣವೆಂಬ ಹೊನ್ನಿನ ನಾಣ್ಯಕ್ಕೆ ಈ ಊರಿನಿಂದಲೇ ಹೆಸರು ಬಂದುದು. ವಿದ್ಯೆಯೂ ವಿತ್ತವೂ ಹೀಗೆ ಒಂದೆಡೆ ಕೂಡಿದುದರಿಂದ ಶಿಲ್ಪಕ್ಕೆ ಇಲ್ಲಿ ಆಶ್ರಯ ದೊರೆತುದು ಸಹಜವೇ ಆಗಿದೆ.

ಲೊಕ್ಕಿಗುಂಡಿಯ ಚರಿತ್ರೆಯಲ್ಲಿ ಮೊದಲು ಸ್ಮರಿಸತಕ್ಕ ಹೆಸರು ದಾನಚಿಂತಾಮಣಿ ಅತ್ತಿಮಬ್ಬೆಯದು. ಈಕೆ ಮಲ್ಲಪಯ್ಯನ ಮಗಳು, ಚಾಲುಕ್ಯಸೇನಾನಿಯಾದ ನಾಗದೇವನ ಪತ್ನಿ. ಯೌವನದಲ್ಲಿಯೇ ವಿಧವೆಯಾದ ಈ ಸಾಧ್ವಿಯು ತನ್ನ ಐಶ್ವರ್ಯವನ್ನೆಲ್ಲ ಧರ್ಮಕಾರ್ಯಗಳಿಗೆ ವಿನಿಯೋಗಿಸಿದಳು. ಕವಿಚಕ್ರವರ್ತಿ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದುದು ಈಕೆಯ ಆಶ್ರಯದಲ್ಲಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಗಳ ಮೇಲೆ ಬರೆಯಿಸಿ ದಾನಮಾಡಿದಳೆಂಬುದು ಕನ್ನಡಿಗರಿಗೆಲ್ಲ ತಿಳಿದ ಸಂಗತಿ. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಶಾಂತಿಪುರಾಣವನ್ನು ಬರೆಯಿಸಿದವರು ಈಕೆಯ ತಂದೆಯೂ ಚಿಕ್ಕಪ್ಪನಾದ ಪುನ್ನಮಯ್ಯನೂ. ಅದು ನಷ್ಟವಾಗದಂತೆ ಕಾಪಾಡಿದವಳು ಈಕೆ. ಹಿರಿಯರು ಮಾಡಿದ ದಾನವನ್ನು ಕಿರಿಯರು ಪಾಲಿಸಿದುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ದೊರೆಯುವುದು ಕಷ್ಟ.

ಈಕೆಯು ಲೊಕ್ಕಿಗುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದುದನ್ನು ಇಲ್ಲಿಯ 1007ರ ಶಾಸನವು ತಿಳಿಸುತ್ತದೆ. ಆಗ ಆಳುತ್ತಿದ್ದವನು ತೈಲಪನ ಮಗನಾದ ಇರಿವಬೆಡಂಗ ಸತ್ಯಾಶ್ರಯನು. ಬ್ರಹ್ಮಜಿನಾಲಯವೆಂದು ಹೆಸರಾದ ಈ ಬಸದಿಯು ಶಿಲ್ಪಚರಿತ್ರೆಯಲ್ಲಿ ಒಂದು ಸಂಧಿಕಾಲವನ್ನು ಸೂಚಿಸುತ್ತದೆ. ಬಾದಾಮಿ ಪಟ್ಟದಕಲ್ಲುಗಳ ಶಿಲ್ಪಿಗಳು ಬಳಸಿದುದು ಮರಳುಗಲ್ಲು. ಅದರ ದೊಡ್ಡ ಬಂಡೆಗಳು ಭಾರವನ್ನು ಚೆನ್ನಾಗಿ ಹೊರಬಲ್ಲವು. ಸೂಕ್ಷ್ಮವಾದ ಕೆತ್ತನೆಗೆ ಮಾತ್ರ ಅಷ್ಟಾಗಿ ಒದಗವು. ಲೊಕ್ಕಿಗುಂಡಿಯಲ್ಲಿ ಬಳಪದ ಕಲ್ಲಿನ ಜಾತಿಗೆ ಸೇರಿದ ನುಣುಪಾದ ಶಿಲೆಯು ಬಳಕೆಗೆ ಬಂದಿತು. ಕಲ್ಲು ಬದಲಾದಂತೆ ಕೈಯ ಕೆಲಸವೂ ಬದಲಾಯಿತು: ಕಂಬಗಳು ಚರಕಿಯ ಮೇಲೆ ತಿರುಗಿಸಿದಂತೆ ದುಂಡಾದುವು, ಗೋಡೆಯ ಅಲಂಕಾರಗಳು ಕಿರಿದಾಗಿ ಒತ್ತೊತ್ತಾದುವು. ಹೊಯ್ಸಳರ ಬೇಲೂರು ಹಳೇಬೀಡುಗಳಲ್ಲಿ ಈ ಮಾರ್ಗವು ತುತ್ತತುದಿಗೇರಿದುದನ್ನು ವಾಚಕರು ಬಲ್ಲರು. ಅದಕ್ಕೆ ಮೊದಲೇ ಈ ಸೀಮೆಯಲ್ಲಿ ಅದರ ಅಭ್ಯಾಸವು ನಡೆದಿದ್ದಿತು.

ಈ ಅಭ್ಯಾಸದ ಪಕ್ವಫಲವನ್ನು ಕಾಶೀವಿಶ್ವೇಶ್ವರ ದೇವಾಲಯದಲ್ಲಿ ಕಾಣಬಹುದು. ಇಲ್ಲಿ ಎರಡು ಗರ್ಭಗೃಹಗಳು ಎದುರುಬದುರಾಗಿವೆ. ದೊಡ್ಡದು ಶಿವನದು, ಪಶ್ಚಿಮಾಭಿಮುಖವಾದ ಚಿಕ್ಕದು ಸೂರ್ಯನದು. ದ್ವಾರಬಂಧದ ಪಟ್ಟಿಕೆಗಳಲ್ಲಿ ಲತೆಗಳೂ ರೂಪಗಳೂ ಎಷ್ಟು ಸೂಕ್ಷ್ಮವಾಗಿ ಕೆತ್ತಲ್ಪಟ್ಟಿವೆಯೆಂದರೆ, ನೋಡುವವನು ಶಿಲೆಯನ್ನು ಮರೆತು ದಂತದ ಕೆಲಸವೆಂದು ಭ್ರಮಿಸುವನು. ಎದುರಿಗಿರುವ ನನ್ನೇಶ್ವರನ ಗುಡಿಯು ಸರಳವಾದುದು. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಒಂದೇ ಶಿಲ್ಪಸಂಪ್ರದಾಯವು ಬೆಳೆದ ಬಗೆಯು ಸ್ಪಷ್ಟವಾಗುವುದು. ನೆರೆಯ ಡಂಬಳದಲ್ಲಿ ಇಪ್ಪತ್ತನಾಲ್ಕು ಕೋನಗಳ ನಕ್ಷತ್ರಾಕಾರದ ದೊಡ್ಡಬಸಪ್ಪನ ಗುಡಿಯೂ, ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಮಹಾದೇವ ದಂಡನಾಯಕನು 1112ರಲ್ಲಿ ಕಟ್ಟಿಸಿದ, ಶಾಸನದಲ್ಲಿ ದೇವಾಲಯಚಕ್ರವರ್ತಿಯೆಂದು ಹೊಗಳಿಸಿಕೊಂಡ ಮಹಾದೇವಾಲಯವೂ ಇದೇ ಸಂಪ್ರದಾಯದ ಸಂತಾನಗಳು.

ಇನ್ನು ಬಾವಿಗಳ ವಿಚಾರ. ಮಾಣಿಕೇಶ್ವರನ ಗುಡಿಯ ಮುಂದಿರುವ ಪುಷ್ಕರಿಣಿಯನ್ನು ಜನರು ಮುಸುಕಿನ ಬಾವಿಯೆಂದು ಕರೆಯುತ್ತಾರೆ. ಮೆಟ್ಟಿಲುಗಳು ಕೆಳಕೆಳಗಿಳಿದು ನೀರನ್ನು ಮುಟ್ಟುವುವು; ಪಕ್ಕದ ಗೋಡೆಗಳಲ್ಲಿ ಕಿರುಗುಡಿಗಳಂತಹ ಗೂಡುಗಳಿವೆ. ಗುಡಿಯನ್ನು ಕಟ್ಟಿದ ಶ್ರದ್ಧೆಯಿಂದಲೇ ಬಾವಿಯನ್ನೂ ಕಟ್ಟಿದ್ದಾರೆ. ನಮ್ಮ ಧರ್ಮಶಾಸ್ತ್ರಕಾರರು ಯಜ್ಞಾದಿಗಳನ್ನು ಇಷ್ಟವೆಂದೂ, ವಾಪೀಕೂಪತಟಾಕಗಳನ್ನೂ ದೇವಾಲಯಗಳನ್ನೂ ಪೂರ್ತವೆಂದೂ ಕರೆದರು. ಅವರ ಎಣಿಕೆಯಲ್ಲಿ ಬಾವಿಯೂ ದೇವಾಲಯವೂ ಒಂದೇ ಪಂಕ್ತಿಯವು. ಮಳೆಯನ್ನು ನೆಚ್ಚಲಾಗದ ಈ ನಾಡಿನಲ್ಲಿ ಆ ಮಾತಿನ ಅರ್ಥವು ಪ್ರತಿವರ್ಷವೂ ಮನವರಿಕೆಯಾಗುತ್ತಿದ್ದಿರಬೇಕು.

ಹನ್ನೆರಡನೆಯ ಶತಮಾನದ ಕೊನೆಗೆ ಹೊಯ್ಸಳ ವೀರಬಲ್ಲಾಳನು ಸೊರಟೂರಿನಲ್ಲಿ ಸೇವುಣರನ್ನು ಸೋಲಿಸಿ ಲೊಕ್ಕಿಗುಂಡಿಯನ್ನು ತನ್ನ ನೆಲೆವೀಡಾಗಿ ಮಾಡಿಕೊಂಡನು. ಗದಗಿನ ತ್ರಿಕೂಟೇಶ್ವರನಿಗೆ ಅವನು 1192ರಲ್ಲಿ ದತ್ತಿ ಬಿಟ್ಟ ಶಾಸನದಲ್ಲಿ ಈ ನೆಲೆವೀಡಿನ ಉಲ್ಲೇಖವಿದೆ. ಮುಂದೆ ರಾಜಧಾನಿಗಳು ಬೇರೆಡೆಗೆ ಸರಿದುವು, ಟಂಕಸಾಲೆಯು ಹೋಯಿತು, ಊರು ಹಳ್ಳಿಯಾಯಿತು. ಆದರೆ ಒಕ್ಕಲು ಬಿಟ್ಟುಹೋಗಲಿಲ್ಲ. ಹಂಪೆಯಂತೆ ಪಾಳುಬೀಳದೆ ಲಕ್ಕುಂಡಿಯು ಮನೆಮಠಗಳ ಊರಾಗಿಯೇ ಉಳಿಯಿತು. ಇದರ ಹೆಚ್ಚಳವೂ ಇದೇ, ಇಕ್ಕಟ್ಟೂ ಇದೇ.

ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ 1904ರಲ್ಲಿ ಒಂದು ಕಾಯಿದೆಯೂ, ಸ್ವಾತಂತ್ರ್ಯಾನಂತರ 1958ರಲ್ಲಿ ಇನ್ನೊಂದೂ ಆದುವು. 2010ರ ತಿದ್ದುಪಡಿಯ ಪ್ರಕಾರ ಕೇಂದ್ರಸರಕಾರದ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರುಗಳೊಳಗೆ ಹೊಸ ಕಟ್ಟಡವು ನಿಷಿದ್ಧ. ಅದರಾಚೆಗೆ ಮತ್ತೆ 200 ಮೀಟರುಗಳವರೆಗೆ ಅಪ್ಪಣೆಯಿಲ್ಲದೆ ಕಟ್ಟುವಂತಿಲ್ಲ. ನಿಷಿದ್ಧ ಪ್ರದೇಶದಲ್ಲಿ ಹಳೆಯ ಮನೆಯ ದುರಸ್ತಿಗೂ ಅಪ್ಪಣೆ ಬೇಕು. ಬಯಲಿನಲ್ಲಿ ಒಂಟಿಯಾಗಿ ನಿಂತ ಗುಡಿಗೆ ಈ ನಿಯಮವು ಕೋಟೆಯಂತಿದೆ. ಗುಡಿಯ ಪಕ್ಕದಲ್ಲಿಯೇ ಗೋಡೆಯುಳ್ಳ ಗೃಹಸ್ಥನಿಗಾದರೋ ಮಾಳಿಗೆ ಸೋರಿದಾಗಲೂ, ಮಗನ ಸಂಸಾರಕ್ಕೊಂದು ಕೋಣೆ ಬೇಕಾದಾಗಲೂ ಅದು ಸಂಕಟವಾಗಿ ತೋರುವುದು. ನಿಯಮವಿಲ್ಲದಿದ್ದರೆ ಗುಡಿ ಉಳಿಯದು; ನಿಯಮವೊಂದೇ ಇದ್ದರೆ ಗುಡಿಯ ಮೇಲೆ ನೆರೆಯವನ ಪ್ರೀತಿ ಉಳಿಯದು.

ಈ ಇಕ್ಕಟ್ಟಿನಲ್ಲಿ ಶಾಸನಗಳ ಮಾರ್ಗವನ್ನು ನೆನೆಯುವುದು ಯುಕ್ತವಾಗಿದೆ. ಅಂದಿನ ದತ್ತಿಗಳಲ್ಲಿ ದೇವರ ಅಂಗಭೋಗದೊಡನೆ ಖಂಡಸ್ಫುಟಿತಜೀರ್ಣೋದ್ಧಾರಕ್ಕೆಂದು, ಎಂದರೆ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆಂದು, ಭೂಮಿಯನ್ನೂ ಸುಂಕವನ್ನೂ ಬಿಡುತ್ತಿದ್ದರು. ದಾನಿಯು ಎಂತಹ ಪ್ರಭುವಾದರೂ ಧರ್ಮವನ್ನು ನಡೆಯಿಸುವ ಹೊಣೆಯನ್ನು ಅನೇಕವೇಳೆ ಊರಿನ ಮಹಾಜನರಿಗೆ ಒಪ್ಪಿಸುತ್ತಿದ್ದನು. ಕೊಡುವುದಕ್ಕಿಂತ ಕೊಟ್ಟುದನ್ನು ಕಾಯುವುದೇ ಮಿಗಿಲೆಂಬುದು ಶಾಸನಾಂತ್ಯದ ಶ್ಲೋಕಗಳಲ್ಲಿ ಮತ್ತೆ ಮತ್ತೆ ಬರುವ ಅಭಿಪ್ರಾಯ. ಅಂದಿನ ಮಹಾಜನರ ಸ್ಥಾನದಲ್ಲಿ ಇಂದು ಊರಿನ ಪಂಚಾಯಿತಿಯಿದೆ, ಶಾಲೆಯಿದೆ, ಗುಡಿಯ ನೆರೆಯಲ್ಲಿ ಬಾಳುವ ಕುಟುಂಬಗಳಿವೆ. ದುರಸ್ತಿಯ ಅಪ್ಪಣೆಯು ಅವರಿಗೆ ಸುಲಭವಾಗಿ ದೊರೆಯಬೇಕು. ಸ್ಥಳಬಿಡಬೇಕಾಗಿ ಬಂದವರಿಗೆ ಊರಿನಲ್ಲಿಯೇ ನಿವೇಶನ ಸಿಗಬೇಕು. ಬಾವಿಯ ಹೂಳೆತ್ತುವ ಕೆಲಸವೂ ಅದರ ಕೂಲಿಯೂ ಊರಿನವರಿಗೇ ಸಲ್ಲಬೇಕು. ಹೀಗಾದರೆ ಕಾವಲು ಹೊರಗಿನಿಂದ ಬರಬೇಕಾಗಿಲ್ಲ. ಅತ್ತಿಮಬ್ಬೆಯು ತಂದೆ ಬರೆಯಿಸಿದ ಕಾವ್ಯವನ್ನು ತನ್ನದೆಂದು ಬಗೆದು ಕಾಪಾಡಿದಂತೆ, ಲಕ್ಕುಂಡಿಯ ಮಕ್ಕಳು ಆಕೆಯ ಬಸದಿಯನ್ನು ತಮ್ಮದೆಂದು ಬಗೆದು ಕಾಯುವರು.